ಕುಮರ್ಸುನ್ ಪೇಟೆಯಲ್ಲಿ ಗೆದ್ದವರು ಯಾರು? 'ಸ್ಪೈಸ್ ಅಂಡ್ ವುಲ್ಫ್'ನ ಅಮಾಟಿ ಪ್ರಸಂಗವನ್ನು ಕುರಿತು

ತಕ್ಕಡಿಮುಳ್ಳು

ಕಥೆಯ ಕೊನೆಯವರೆಗಿನ ಸಂಗತಿಗಳೆಲ್ಲ ಇಲ್ಲಿ ಬರುತ್ತವೆ. ಇನ್ನೂ ನೋಡದವರು ನೋಡಿ ಮುಗಿಸಿದ ಬಳಿಕ ಓದುವುದು ಒಳಿತು.

ಇಸುನಾ ಹಸೆಕುರ ಅವರ ಜಪಾನಿ ಕಾದಂಬರಿ ಮಾಲೆ 'ಸ್ಪೈಸ್ ಅಂಡ್ ವುಲ್ಫ್'ನ ಮೂರನೆಯ ಸಂಪುಟವು ಅದರ ಅನಿಮೆಯ (ಜಪಾನಿನ ಚಲಿಸುವ ಚಿತ್ರಗಳ ಧಾರಾವಾಹಿಯ) 2009ರ ಎರಡನೆಯ ಸರಣಿಯಲ್ಲಿ ಮೊದಲ 6 ಕಂತುಗಳಾಗಿ ಬಂದಿತ್ತು. 2024ರಲ್ಲಿ ಇಡೀ ಕಥೆಯನ್ನು ಮೊದಲಿನಿಂದ ಹೊಸದಾಗಿ ತೆರೆಗೆ ತಂದಾಗ ಅದೇ ಪ್ರಸಂಗ ಮರಳಿ ಬಂತು. ಎರಡನ್ನೂ ಬೆನ್ನುಬೆನ್ನಿಗೆ ನೋಡಿದ ಮೇಲೆ, ಇಷ್ಟು ವರ್ಷಗಳಿಂದ ಅಭಿಮಾನಿಗಳಾದ ನಾವು ಒಬ್ಬ ಹುಡುಗನಿಗೆ ಅನ್ಯಾಯ ಮಾಡುತ್ತ ಬಂದಿದ್ದೇವೆ ಎಂದು ನನಗೆ ಅನ್ನಿಸಿದೆ. ಆ ಹುಡುಗ ಮೀನು ವ್ಯಾಪಾರಿ ಅಮಾಟಿ.

ಮರೆತವರಿಗಾಗಿ ಚುಟುಕಾಗಿ ಹೇಳುತ್ತೇನೆ. ಊರೂರು ಸುತ್ತುವ ವರ್ತಕ ಲಾರೆನ್ಸ್ ಮತ್ತು ಅವನ ಗಾಡಿ ಹತ್ತಿದ ತೋಳದೇವತೆ ಹೋಲೋ ಜಾತ್ರೆಯ ಹೊತ್ತಿಗೆ ಕುಮರ್ಸುನ್ ಪಟ್ಟಣಕ್ಕೆ ಬರುತ್ತಾರೆ. ದಾರಿಯಲ್ಲಿ ಪರಿಚಯವಾದ ಅಮಾಟಿ ಹೋಲೋಳಿಗೆ ಮನಸೋಲುತ್ತಾನೆ. ಅವಳು ಲಾರೆನ್ಸ್‌ನ ಸಾಲದಲ್ಲಿ ಸಿಕ್ಕಿಬಿದ್ದು ಅವನ ಜೊತೆ ಅಲೆಯುತ್ತಿದ್ದಾಳೆಂದು ನಂಬಿ, ವರ್ತಕ ಸಂಘದ ಮನೆಯಲ್ಲಿ ಎಲ್ಲರ ಎದುರು ನಿಂತು, 1000 ಟ್ರೆನ್ನಿ ಬೆಳ್ಳಿ ನಾಣ್ಯಗಳ ಆ ಸಾಲವನ್ನು ತಾನೇ ತೀರಿಸಿ ಅವಳನ್ನು ಮದುವೆಗೆ ಕೇಳುವುದಾಗಿ ಘೋಷಿಸುತ್ತಾನೆ. ಗಡುವು ಮರುದಿನದ ಸೂರ್ಯಾಸ್ತ. ಅಷ್ಟು ಹಣ ಅವನಿಂದ ಹೊಂದಿಸಲಾಗದು, ಹೊಂದಿಸಿದರೂ ಹೋಲೋ ಒಪ್ಪುವುದಿಲ್ಲ ಎಂಬ ಎರಡು ನಂಬಿಕೆಗಳ ಮೇಲೆ ಲಾರೆನ್ಸ್ ಕರಾರಿಗೆ ಒಪ್ಪುತ್ತಾನೆ. ಆ ಎರಡೂ ನಂಬಿಕೆಗಳು ಒಂದಾದ ಮೇಲೊಂದರಂತೆ ಅಲುಗಾಡುವುದೇ ಮುಂದಿನ ಕಥೆ.

ನನ್ನ ವಾದವಿಷ್ಟೆ: ಈ ಪ್ರಸಂಗದಲ್ಲಿ ಎಲ್ಲವನ್ನೂ ಬಯಲಿನಲ್ಲಿಟ್ಟು ವ್ಯವಹಾರ ಮಾಡಿದವನು ಅಮಾಟಿಯೊಬ್ಬನೇ. ತನ್ನ ಆಸೆಯನ್ನೂ ಮೊತ್ತವನ್ನೂ ಗಡುವನ್ನೂ ಅವನು ಸಾಕ್ಷಿಗಳ ಎದುರು ಹೇಳಿದ. ಲಾರೆನ್ಸ್ ಏನನ್ನೂ ಹೇಳಲಿಲ್ಲ. ಹೋಲೋಳ ಹುಟ್ಟೂರು ಯೊಯಿಟ್ಸು ಎಂದೋ ನಾಶವಾಗಿದೆಯೆಂಬ ಸುದ್ದಿಯನ್ನು ಅವಳಿಂದ ಮುಚ್ಚಿಟ್ಟ, ತನ್ನ ಮನಸ್ಸಿನಲ್ಲಿರುವುದನ್ನು ಅವಳಿಗೂ ತಿಳಿಸದೆ ತನಗೂ ಹೇಳಿಕೊಳ್ಳದೆ ಉಳಿದ. ಸೋತವನನ್ನು ನಾವು ಹಾಸ್ಯ ಮಾಡುತ್ತಿರುವುದು ಅವನು ಸೋತನೆಂಬ ಒಂದೇ ಕಾರಣಕ್ಕೆ ಅಲ್ಲವೆ?

ಗೋಧಿತೆನೆ

ತಕ್ಕಡಿಮುಳ್ಳು ಅವರೇ, ನಿಮ್ಮ ತಕ್ಕಡಿ ಒಂದು ಕಡೆಗೆ ವಾಲಿದೆ.

ಅಮಾಟಿ ಬಯಲಿನಲ್ಲಿ ಮಾತನಾಡಿದ್ದು ನಿಜ. ಆದರೆ ಯಾರ ಜೊತೆ ಮಾತನಾಡಿದ ಎಂಬುದನ್ನು ಗಮನಿಸಿ. ಸಂಘದ ಹಿರಿಯರ ಜೊತೆ, ಲಾರೆನ್ಸ್ ಜೊತೆ, ಕೂಡಿದ್ದ ಗಂಡಸರ ಜೊತೆ. ಯಾರ ಸಾಲ, ಯಾರ ಮದುವೆ ಎಂಬ ಪ್ರಶ್ನೆ ಎದ್ದಿತ್ತೋ ಅವಳನ್ನು ಆ ಸಭೆಗೆ ಮೊದಲು ಅವನು ಒಂದು ಮಾತೂ ಕೇಳಿರಲಿಲ್ಲ. ನಾವು ದ್ಯೂತಸಭೆಯ ಕಥೆಯನ್ನು ಕೇಳುತ್ತ ಬೆಳೆದವರು. ಹೆಣ್ಣಿನ ಹೆಸರನ್ನು ನಡುವಿಟ್ಟು ಗಂಡಸರು ಮೊತ್ತ ಕೂಗುವ ದೃಶ್ಯ ಎದುರಾದಾಗ ಪ್ರಾಮಾಣಿಕತೆಯ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಇನ್ನು ಆ ಸಾಲದ ವಿಷಯ. ಸೇಬು ತಿಂದ ಲೆಕ್ಕ, ಬಟ್ಟೆ ಕೊಂಡ ಲೆಕ್ಕ ಎಂದು ಅವರಿಬ್ಬರ ನಡುವೆ ಬೆಳೆದು ಬಂದ ಸಾಲವದು. ಸಾಲ ತೀರುವವರೆಗೆ ಜೊತೆಯಲ್ಲಿರುತ್ತೇನೆ ಎಂಬುದು ಜೊತೆಯಲ್ಲಿರಲು ಅವರು ಕಂಡುಕೊಂಡ ನೆಪ. ಆ ಸರಸವನ್ನು ಅಮಾಟಿ ಲೆಕ್ಕದ ಪುಸ್ತಕದ ಬಾಕಿಯೆಂದು ಓದಿಕೊಂಡ. ಸಾಲವನ್ನು ತೀರಿಸಿಬಿಟ್ಟರೆ ಅವಳಿಗೆ ಉಪಕಾರವಾಗುತ್ತದೆ ಎಂದುಕೊಂಡವನು ಅವಳನ್ನು ಒಂದಿಷ್ಟೂ ಅರಿತಿರಲಿಲ್ಲ.

ತಕ್ಕಡಿಮುಳ್ಳು

ದ್ಯೂತದ ಹೋಲಿಕೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಕರಾರು ಹೇಳುವುದು ಸಾಲ ತೀರಿದರೆ ಅಮಾಟಿ ಮದುವೆಯ ಪ್ರಸ್ತಾಪ ಮಾಡಬಹುದು ಎಂದಷ್ಟೆ. ಹೋಲೋ ಅವನ ಪಾಲಾಗುತ್ತಾಳೆ ಎಂದಲ್ಲ. ಒಪ್ಪುವುದು ಬಿಡುವುದು ಅವಳ ಕೈಯಲ್ಲಿಯೇ ಉಳಿದಿತ್ತು. ಅವಳನ್ನು ಮೊದಲೇ ಕೇಳಬೇಕಿತ್ತು ಎಂಬ ನಿಮ್ಮ ಮಾತನ್ನು ಮಾತ್ರ ಒಪ್ಪುತ್ತೇನೆ.

ಮಂಡಿಯ ಮಗ

ಪ್ರೇಮದ ವಿಚಾರವನ್ನು ಬಲ್ಲವರು ಮಾತನಾಡಲಿ. ನಮ್ಮದು ಮೂರು ತಲೆಮಾರಿನಿಂದ ಅಡಿಕೆ ಮಂಡಿಯ ಮನೆ. ನನಗೆ ರುಚಿಸಿದ್ದು ಪೈರೈಟ್ ವ್ಯಾಪಾರ. ಅದನ್ನು ಸರಿಯಾಗಿ ತಿಳಿದುಕೊಂಡರೆ ಪ್ರೇಮದ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ ಎಂಬುದು ನನ್ನ ಅನುಭವ.

ಮೊದಲು ಸರಕನ್ನು ನೋಡೋಣ. ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ; ಚಿನ್ನದಂತೆ ಹೊಳೆಯುತ್ತದೆ, ಉಕ್ಕಿಗೆ ತೀಡಿದರೆ ಕಿಡಿ ಹಾರುತ್ತದೆ, ನೆಲದೊಳಗಿನಿಂದಲೇ ಪಗಡೆಯ ದಾಳದಂತೆ ಚೌಕಾಕಾರವಾಗಿ ಬರುವುದೂ ಉಂಟು. (ನಮ್ಮ ಕಡೆ ಇಂಥದನ್ನೆಲ್ಲ 'ಕಾಗೆಬಂಗಾರ' ಎಂದು ಕರೆದುಬಿಡುತ್ತಾರೆ, ಆದರೆ ಕಾಗೆಬಂಗಾರ ಅಭ್ರಕ, ಈ ಕಲ್ಲು ಬೇರೆ.) ಇದಕ್ಕೆ ಹೊಟ್ಟೆ ತುಂಬಿಸುವ ಗುಣವಿಲ್ಲ, ಮೈ ಮುಚ್ಚುವ ಗುಣವಿಲ್ಲ. ಭವಿಷ್ಯ ಹೇಳುವವರ ಬಾಯಿಂದ ಇದು ಅದೃಷ್ಟ ತರುತ್ತದೆಂಬ ಮಾತು ಹೊರಟಿತು, ಜಾತ್ರೆಯ ಜನ ಸೇರಿತ್ತು, ಬೆಲೆ ಏರಿತು. ಬೆಲೆ ಏರುತ್ತಿದೆ ಎಂಬುದೊಂದೇ ಆಮೇಲೆ ಬೆಲೆ ಏರಲು ಕಾರಣವಾಯಿತು. ಅಮಾಟಿ ತನ್ನ 1000 ಟ್ರೆನ್ನಿಯನ್ನು ಹುಟ್ಟಿಸಲು ಹೊರಟದ್ದು ಈ ಏರುವ ಬೆಲೆಯಿಂದ.

ಕಲ್ಲುಗಳನ್ನು ಆಮೇಲೆ ಒಪ್ಪಿಸುವುದಾಗಿ ಕಾಗದ ಬರೆದುಕೊಟ್ಟು ಲಾರೆನ್ಸ್ ಅಮಾಟಿಯಿಂದಲೇ ಹಣ ಪಡೆದ. ಅವನು ಹೂಡಿದ ಈ ಎದುರಾಟವನ್ನು ಷೇರುಪೇಟೆಯವರು ಶಾರ್ಟ್ ಸೆಲ್ಲಿಂಗ್ ಎನ್ನುತ್ತಾರೆ. ಕಥೆಯ ಅಂಕಿಗಳನ್ನು ಬಿಟ್ಟು ಸುಲಭದ ಲೆಕ್ಕದಲ್ಲಿ ಹೇಳುತ್ತೇನೆ. ಬೆಳಿಗ್ಗೆ ಕಲ್ಲೊಂದಕ್ಕೆ 10 ನಾಣ್ಯ ಎಂದಿಟ್ಟುಕೊಳ್ಳಿ. ನನ್ನ ಬಳಿ ಒಂದು ಕಲ್ಲೂ ಇಲ್ಲ. ಆದರೂ 50 ಕಲ್ಲುಗಳನ್ನು ಸಂಜೆ ಒಪ್ಪಿಸುತ್ತೇನೆಂದು ಬರೆದುಕೊಟ್ಟು ನಿಮ್ಮಿಂದ 500 ನಾಣ್ಯಗಳನ್ನು ಈಗಲೇ ಎಣಿಸಿಕೊಳ್ಳುತ್ತೇನೆ. ಸಂಜೆಯ ಹೊತ್ತಿಗೆ ಬೆಲೆ 20 ಆದರೆ ನಾನು 1000 ನಾಣ್ಯ ಸುರಿದು ಕಲ್ಲು ಕೊಂಡು ತಂದುಕೊಡಬೇಕು. ನನ್ನ ಕೈಯಿಂದ 500 ಹೋಯಿತು. ಬೆಲೆ 4ಕ್ಕೆ ಬಿದ್ದರೆ 200ಕ್ಕೆ ಕೊಂಡು ಒಪ್ಪಿಸುತ್ತೇನೆ. 300 ನನಗೆ ಉಳಿಯಿತು. ನಿಮ್ಮ ಪಾಲಿಗೆ ಇದು ಸರಿಯಾಗಿ ತಿರುಗುಮುರುಗು. ನಮ್ಮಲ್ಲಿ ಸರಕನ್ನು ಮೊದಲು ಕೊಟ್ಟು ಹಣಕ್ಕೆ ಕಾಯುವುದನ್ನು ಉದ್ರಿ ಎನ್ನುತ್ತೇವೆ. ಇದು ಹಣವನ್ನು ಮೊದಲು ಪಡೆದು ಸರಕಿಗೆ ಕಾಯಿಸುವ ಉದ್ರಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇದಕ್ಕೆ ಹಿಂದಿನ ಪ್ರಸಂಗದಲ್ಲಿ, ಮೆಣಸು ಮಾರಿದ ಮೊತ್ತಕ್ಕಿಂತ ಹೆಚ್ಚಿನ ಬೆಲೆಯ ಯುದ್ಧಕವಚಗಳನ್ನು ಲಾರೆನ್ಸ್ ಸಾಲದ ಮೇಲೆ ಕೊಂಡಿದ್ದ. ರುವಿನ್‌ಹೈಗೆನ್ ಪಟ್ಟಣ ತಲುಪುವಷ್ಟರಲ್ಲಿ ಉತ್ತರದ ದಂಡಯಾತ್ರೆ ನಿಂತುಹೋಗಿ ಕವಚವನ್ನು ಕೇಳುವವರಿಲ್ಲದಂತಾಗಿತ್ತು. ಬೆಲೆ ಏರುವುದೆಂದು ನಂಬಿ, ಇರುವುದಕ್ಕಿಂತ ಹೆಚ್ಚು ಎತ್ತಿಕೊಂಡು, ಬೆಲೆ ಬಿದ್ದಾಗ ಮಣ್ಣು ಮುಕ್ಕುವುದು ಹೇಗಿರುತ್ತದೆಂದು ಅವನಿಗೆ ಮೈಯಲ್ಲೇ ಗೊತ್ತಿತ್ತು. ಕುಮರ್ಸುನ್‌ನಲ್ಲಿ ಅವನು ಮಾಡಿದ್ದೇನು? ತಾನು ಹಿಂದೆ ನಿಂತಿದ್ದ ಜಾಗದಲ್ಲಿಯೇ ಅಮಾಟಿಯನ್ನು ತಂದು ನಿಲ್ಲಿಸಿದ. ತಕ್ಕಡಿಮುಳ್ಳು ಅವರ ಕೋಪ ನನಗೆ ಅರ್ಥವಾಗುವುದು ಇಲ್ಲಿ.

ಹೊಸ ನೋಡುಗ

ಒಂದು ಸಂದೇಹವಿದೆ, ದಡ್ಡತನದ ಪ್ರಶ್ನೆಯಾದರೆ ಕ್ಷಮಿಸಿ. ಲಾರೆನ್ಸ್ ತನ್ನನ್ನು ಸೋಲಿಸಲೆಂದೇ ಬಂದಿದ್ದಾನೆ ಎಂದು ಅಮಾಟಿಗೆ ಗೊತ್ತಿತ್ತು. ಹಾಗಿದ್ದೂ ಅವನು ಆ ಕಾಗದಕ್ಕೆ ಏಕೆ ಹಣ ಕೊಟ್ಟ? ಬೇಡವೆಂದು ಹೇಳಿ, ಕೈಯಲ್ಲಿದ್ದ ಕಲ್ಲುಗಳನ್ನು ಮಾರಿಕೊಂಡು ಸುಮ್ಮನಿದ್ದಿದ್ದರೆ ಆಗುತ್ತಿರಲಿಲ್ಲವೆ?

ಮಂಡಿಯ ಮಗ

ದಡ್ಡತನದ್ದಲ್ಲ, ಕೇಳಲೇಬೇಕಾದ ಪ್ರಶ್ನೆ. ಬೆಲೆ ಏರುತ್ತಿದ್ದರೆ ಆ ಕಾಗದ ಅಮಾಟಿಗೆ ಲಾಭದ್ದೇ. ಬೆಳಗಿನ ಬೆಲೆಗೆ ಸಂಜೆಯ ಸರಕು ಸಿಕ್ಕಂತಾಯಿತು. ಬೆಲೆ ಏರುತ್ತದೆಂದು ನಂಬಿಯೇ ಅವನು ಇಷ್ಟು ದೂರ ಬಂದದ್ದು. ಈ ಕಾಗದವನ್ನು ಬೇಡವೆಂದರೆ ತನ್ನ ನಂಬಿಕೆಯನ್ನು ತಾನೇ ಅಲ್ಲಗಳೆದಂತೆ. ಇದರ ಮೇಲೆ ಮಾನದ ಪ್ರಶ್ನೆ ಬೇರೆ. ಸಂಘದ ಮನೆಯಲ್ಲಿ ಸವಾಲು ಹಾಕಿದವನು ತನಗೆ ಬಂದ ಸವಾಲಿಗೆ ಬೆನ್ನು ತಿರುಗಿಸಿದರೆ ನಾಳೆ ಪೇಟೆಯಲ್ಲಿ ಯಾರ ಮುಖ ನೋಡಬೇಕು?

ನಮ್ಮ ಮಂಡಿಗೆ ಅಡಿಕೆ ಹಾಕುವ ಒಬ್ಬ ಬೆಳೆಗಾರರು ಒಂದು ವರ್ಷ ದರ ಏರುತ್ತಿರುವಾಗ ಸರಕನ್ನು ಮಾರಲು ಒಪ್ಪದೆ, ಅದೇ ಸರಕಿನ ಮೇಲೆ ಮುಂಗಡ ಪಡೆದು, ಹೊರಗಿನಿಂದ ಇನ್ನಷ್ಟು ಕೊಂಡು ಪೇರಿಸಿದ್ದರು. ನನ್ನ ತಂದೆಯವರು ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಪಕ್ಕದ ತೋಟದವರು ಕೊಳ್ಳುತ್ತಿದ್ದಾರೆ ಎಂಬುದೇ ಅವರ ಉತ್ತರವಾಗಿತ್ತು. ದರ ಇಳಿದ ವಾರ ಅವರು ಮಂಡಿಯ ಜಗಲಿಯ ಮೇಲೆ ಕುಳಿತಿದ್ದ ಭಂಗಿಯನ್ನು ನಾನು ಅಮಾಟಿಯ ಮುಖ ತೋರಿಸುವ ಕೊನೆಯ ದೃಶ್ಯದಲ್ಲಿ ಮತ್ತೆ ಕಂಡೆ.

ಗಾಳಿವ್ಯಾಪಾರ

ವೈಯಕ್ತಿಕ ಹಗೆಯಿಂದ ಬೆಲೆ ಬೀಳಿಸಲು ಹೊರಡುವುದು ಕಥೆಗಾರರ ಕಲ್ಪನೆಯಷ್ಟೇ ಅಲ್ಲ ಎಂದು ತಿಳಿಸಲು ಈ ಚರ್ಚೆಗೆ ಸೇರುತ್ತಿದ್ದೇನೆ. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಪಾಲುದಾರನಾಗಿದ್ದ ಐಸಾಕ್ ಲ ಮೇರ್ ಎಂಬ ವರ್ತಕ ಒಳಜಗಳದಿಂದ ಕಂಪನಿಯಿಂದ ಹೊರಬಿದ್ದಿದ್ದ. 1609ರಲ್ಲಿ ಅವನು ಕೆಲವರನ್ನು ಕೂಡಿಕೊಂಡು, ಕೈಯಲ್ಲಿಲ್ಲದ ಷೇರುಗಳನ್ನು ಮುಂದೊಂದು ದಿನ ಒಪ್ಪಿಸುವ ಕರಾರಿನ ಮೇಲೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರತೊಡಗಿದ. ಜೊತೆಗೆ ಕಂಪನಿಯ ಬಗ್ಗೆ ಕೆಟ್ಟ ಸುದ್ದಿಗಳೂ ಹರಿದಾಡಿದವು. ಕಂಪನಿ ದೂರು ಕೊಟ್ಟಿತು, 1610ರಲ್ಲಿ ಸರ್ಕಾರ ಇಂಥ ಮಾರಾಟವನ್ನು ನಿಷೇಧಿಸಿತು. ಲಾರೆನ್ಸ್ ತನ್ನ ಗೆಳೆಯ, ಗೋಧಿ ವ್ಯಾಪಾರಿ ಮಾರ್ಕ್‌ನ ನೆರವಿನಿಂದ ಪೇಟೆಯಲ್ಲಿ ಮಾತು ಹರಿಯಬಿಡಲು ಯೋಚಿಸುವುದನ್ನು ನೋಡುವಾಗಲೆಲ್ಲ ನನಗೆ ಲ ಮೇರ್ ನೆನಪಾಗುತ್ತಾನೆ.

ಕಲ್ಲಿನ ಹುಚ್ಚಿಗೆ ಹತ್ತಿರದ ಸಂಬಂಧಿ ಟ್ಯುಲಿಪ್ ಹೂಗೆಡ್ಡೆಗಳ ಹುಚ್ಚು. 1636–37ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಗೆಡ್ಡೆಗಳು ಇನ್ನೂ ಮಣ್ಣಿನಡಿ ಇದ್ದಾಗಲೇ ಪಾನಗೃಹಗಳಲ್ಲಿ ಅವುಗಳ ಕಾಗದಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಅದನ್ನು ಅಲ್ಲಿಯವರೇ 'ಗಾಳಿ ವ್ಯಾಪಾರ' ಎಂದು ಕರೆದರು. 1637ರ ಫೆಬ್ರವರಿಯಲ್ಲಿ ಹಾರ್ಲೆಮ್ ಊರಿನ ಒಂದು ಹರಾಜಿನಲ್ಲಿ ಕೊಳ್ಳುವವರು ಬರಲಿಲ್ಲ; ಅಲ್ಲಿಗೆ ಮುಗಿಯಿತು. ಅನಿಮೆಯ ಲೋಕ ಇದಕ್ಕಿಂತ ಹಳೆಯ, ಮಧ್ಯಯುಗದ ಉತ್ತರ ಯುರೋಪನ್ನು ಹೋಲುತ್ತದೆ. ಬ್ರೂಜ್, ಬರ್ಗೆನ್, ಲಂಡನ್‌ಗಳಲ್ಲಿ ಹಾನ್ಸಾ ಎಂಬ ಒಕ್ಕೂಟದ ವರ್ತಕರಿಗೆ ತಮ್ಮದೇ ನೆಲೆಗಳಿದ್ದಂತೆ ಇಲ್ಲಿ ರೋವನ್ ಸಂಘದ ಮನೆಯಿದೆ. ಪರಊರಿನಲ್ಲಿ ತನ್ನವರೆನ್ನುವವರು ಸಿಗುವ ಒಂದೇ ಜಾಗವದು. ಅಮಾಟಿಯೂ ಲಾರೆನ್ಸ್‌ನೂ ಅದೇ ಸಂಘದವರು. ಸವಾಲು ಅಲ್ಲಿಯೇ ಎದ್ದುದರಿಂದ, ಅದನ್ನು ತಳ್ಳಿಹಾಕಿದರೆ ಲಾರೆನ್ಸ್‌ಗೆ ಆಗುತ್ತಿದ್ದ ನಷ್ಟ ನಾಣ್ಯದಲ್ಲಿ ಎಣಿಸುವಂಥದ್ದಲ್ಲ.

ಗೋಧಿತೆನೆ

ಮಂಡಿಯ ಮಗ ಅವರ ಲೆಕ್ಕ ಓದಿದ ಮೇಲೆ ನನಗೆ ಹೊಸದೊಂದು ಕಾಣಿಸುತ್ತಿದೆ. ಈ ಪ್ರಸಂಗದಲ್ಲಿ ಕೈಯಲ್ಲಿಲ್ಲದ್ದನ್ನು ಮಾರಿದ್ದು ಒಮ್ಮೆಯಲ್ಲ, ಎರಡು ಬಾರಿ. ಪೈರೈಟ್ ಮಾರುವುದಕ್ಕೂ ಮೊದಲೇ ಲಾರೆನ್ಸ್ ಕರಾರಿಗೆ ಸಹಿ ಹಾಕುವಾಗ ಹೋಲೋಳ ನಿರಾಕರಣೆಯನ್ನು ತನ್ನ ಜೇಬಿನಲ್ಲಿರುವ ವಸ್ತುವಿನಂತೆ ಪಣಕ್ಕಿಟ್ಟಿದ್ದ. 'ಅವಳು ಹೇಗೂ ಒಪ್ಪುವುದಿಲ್ಲ' ಎಂಬುದು ಅವಳು ಅವನಿಗೆ ಕೊಟ್ಟಿದ್ದ ಮಾತಾಗಿರಲಿಲ್ಲ. ಅದು ಅವನ ಊಹೆ.

ಆ ಊಹೆ ಕುಸಿಯುವುದು ಪೇಟೆಯಲ್ಲಲ್ಲ, ಛತ್ರದ ಕೋಣೆಯಲ್ಲಿ. ಹಳೆಯ ಕಥೆಗಳನ್ನು ಸಂಗ್ರಹಿಸುವ ಡಯಾನಾಳ ಪತ್ರದಿಂದ ಯೊಯಿಟ್ಸುವಿನ ಗತಿ ಹೋಲೋಳಿಗೆ ತಿಳಿಯುತ್ತದೆ. ಊರು ಹೋಗಿದೆ ಎಂಬುದು ಒಂದು ಪೆಟ್ಟು. ಲಾರೆನ್ಸ್‌ಗೆ ಇದು ಮೊದಲೇ ಗೊತ್ತಿತ್ತು ಎಂಬುದು ಅದಕ್ಕಿಂತ ಆಳದ ಪೆಟ್ಟು. ನೂರಾರು ವರ್ಷ ಗೋಧಿ ಹೊಲದಲ್ಲಿ ಒಂಟಿಯಾಗಿ ಕಳೆದವಳಿಗೆ ಮರಳಿ ಹೋಗಲು ಇದ್ದ ಒಂದೇ ಜಾಗ ಇಲ್ಲವಾಗಿದೆ. ಇಲ್ಲವಾಗಿದೆಯೆಂದು ಬಲ್ಲವನು ಅದೇ ಊರಿಗೆ ಕರೆದೊಯ್ಯುತ್ತೇನೆಂದು ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದಾನೆ. ಅವನು ಕರುಣೆಯಿಂದಲೇ ಮುಚ್ಚಿಟ್ಟಿರಬಹುದು. ಆದರೆ ತಾನು ಬೇಡವಾದ ಹಳ್ಳಿಯನ್ನು ಬಿಟ್ಟು ಹುಟ್ಟೂರಿಗೆಂದೇ ಅವಳು ಹೊರಟು ಬಂದಿದ್ದಳು ಎಂಬುದನ್ನು ಅವನಾದರೂ ನೆನಪಿಡಬೇಕಿತ್ತು.

ಮರುದಿನ ಅವಳ ಕೈಯಲ್ಲಿ ಅಮಾಟಿಯೊಡನೆ ಮದುವೆಯ ಪತ್ರ ಕಂಡಾಗ ಲಾರೆನ್ಸ್ ಬಿಳಿಚಿಕೊಳ್ಳುವುದನ್ನು ನೋಡಿ ನನಗೆ ಮರುಕ ಹುಟ್ಟಲಿಲ್ಲ. ಪೇಟೆಯಲ್ಲಿ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಅರಿತು, ಅದನ್ನು ಬಚ್ಚಿಟ್ಟು ಲಾಭ ಮಾಡುವುದು ಅವನ ಕಸುಬು. ಅದೇ ಅಭ್ಯಾಸವನ್ನು ಕೋಣೆಯೊಳಗೂ ತಂದುಕೊಂಡಿದ್ದ.

ಕಾಳುಮೆಣಸು

ಕೋಣೆಯೊಳಗೂ ಅದೇ ಅಭ್ಯಾಸ ಎಂಬ ಮಾತಿಗೆ ಸಣ್ಣದೊಂದು ತಿದ್ದುಪಡಿ. ಹೋಲೋ ಕೂಡ ಕಡಿಮೆಯವಳಲ್ಲ. ಮೆಣಸು ಮಾರುವ ದೃಶ್ಯವನ್ನು ನೆನಪಿಸಿಕೊಳ್ಳಿ: ತಕ್ಕಡಿ ಇಟ್ಟ ಮೇಜೇ ವಾಲಿದೆಯೆಂದು ನೀರು ಚೆಲ್ಲಿ ತೋರಿಸುವವಳು ಅವಳು. ಹಾನಗಲ್ಲಿನ ಸಂತೆಯಲ್ಲಿ ತೂಕಕ್ಕೆ ನಿಂತು ಮೋಸ ಹೋದ ನನ್ನ ಅಜ್ಜಿ ಆ ದೃಶ್ಯ ನೋಡಿದ್ದರೆ ಅವಳಿಗೆ ಆರತಿ ಎತ್ತುತ್ತಿದ್ದರು. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಓದಿ ಬೆಳೆದ ನನಗೆ, ಯುರೋಪಿನಂಥ ಲೋಕದಲ್ಲಿ ಒಂದು ಚೀಲ ಮೆಣಸಿನ ಮುಂದೆ ಅಷ್ಟು ಜನ ಉಸಿರು ಬಿಗಿಹಿಡಿದು ನಿಲ್ಲುವುದನ್ನು ನೋಡುವುದೇ ಒಂದು ಸುಖ.

ಪ್ರತಿಸ್ಪರ್ಧಿಗಳ ಮಾತಿಗೆ ಬಂದರೆ, ಕುರಿಗಾಹಿ ನೋರಾಳ ಎದುರು ಹೋಲೋ ಮುನಿಸಿಕೊಳ್ಳುವುದು ತಮಾಷೆಯಾಗಿದೆ, ಅಷ್ಟೆ. ತೋಳಕ್ಕೂ ಕುರಿಗಾಹಿಗೂ ಹುಟ್ಟುಹಗೆ. ಅಮಾಟಿಯ ಎದುರು ಲಾರೆನ್ಸ್ ಪಡುವ ಸಂಕಟಕ್ಕೆ ಬೇರೆಯೇ ತೂಕವಿದೆ, ಏಕೆಂದರೆ ಅಮಾಟಿ ಕಿರಿಯ ಲಾರೆನ್ಸ್. ಮನೆ ಬಿಟ್ಟು ಬಂದು, ಒಬ್ಬನೇ ದುಡಿದು, ಪಟ್ಟಣದಲ್ಲಿ ನೆಲೆ ನಿಂತವನು. ಸ್ವಂತ ಅಂಗಡಿಯ ಕನಸು ಹೊತ್ತು 7 ವರ್ಷಗಳಿಂದ ಗಾಡಿಯಲ್ಲೇ ಇರುವವನಿಗೆ ಅದು ಚುಚ್ಚದೆ ಇರುತ್ತದೆಯೆ?

ಮಂಡಿಯ ಮಗ

ಈಗ ಕೊನೆಯ ಲೆಕ್ಕ. ಇಲ್ಲದ ಸರಕನ್ನು ಮಾರಿದವನು ಬೆಲೆ ತಾನಾಗಿ ಬೀಳಲಿ ಎಂದು ಕಾಯಬೇಕು, ಇಲ್ಲವೆ ಬೀಳಿಸಲು ಸಾಕಷ್ಟು ಸರಕನ್ನು ಒಮ್ಮೆಲೆ ಪೇಟೆಗೆ ಸುರಿಯಬೇಕು. ಸೂರ್ಯಾಸ್ತದ ಗಡುವು ಇರುವವನಿಗೆ ಮೊದಲನೆಯದಕ್ಕೆ ಸಮಯವಿಲ್ಲ. ಹಾಗಾಗಿ ಲಾರೆನ್ಸ್ ಊರೆಲ್ಲ ಕಲ್ಲು ಹುಡುಕುತ್ತಾನೆ. ಏರುವ ಪೇಟೆಯಲ್ಲಿ ಕಲ್ಲು ಎಲ್ಲಿ ಸಿಕ್ಕೀತು? ದರ ಏರುವಾಗ ಯಾರೂ ಸರಕನ್ನು ಹೊರತೆಗೆಯುವುದಿಲ್ಲ, ಇಳಿಯತೊಡಗಿದಾಗ ಎಲ್ಲರೂ ಒಟ್ಟಿಗೆ ತರುತ್ತಾರೆ. ಮಂಡಿಯಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ಕಲಿಸಬೇಕಾಗಿಲ್ಲ. ದೊಡ್ಡ ದಾಸ್ತಾನು ಇದ್ದದ್ದು ರಸವಾದಿಗಳ ಕೇರಿಯಲ್ಲಿ, ಡಯಾನಾಳ ಕೈಯಲ್ಲಿ. ಲಾರೆನ್ಸ್ ಅಲ್ಲಿಗೆ ಹೋಗುವಷ್ಟರಲ್ಲಿ ಬೇರೊಬ್ಬರು ಮಾತು ಮುಗಿಸಿ ಹೋಗಿದ್ದಾರೆ. ಆ ಬೇರೊಬ್ಬರು ಹೋಲೋ.

ಅಂದರೆ ಅಮಾಟಿ ಬೆಲೆ ಏರುವುದೆಂದು ಪಣ ಕಟ್ಟಿದ, ಲಾರೆನ್ಸ್ ಬೀಳುವುದೆಂದು ಕಟ್ಟಿದ, ಸರಕು ಮಾತ್ರ ಇಬ್ಬರಿಗೂ ತಿಳಿಯದಂತೆ ಅವಳ ಕೈಯಲ್ಲಿತ್ತು. ಅವಳು ಡಯಾನಾಳ ಕಲ್ಲನ್ನು ಹೊರಗೆ ಬಿಡದೆ ಇದ್ದಿದ್ದರೆ ಅಮಾಟಿ ಗೆಲ್ಲುತ್ತಿದ್ದ. ಪೇಟೆಗೆ ಬಂದು ಅದನ್ನು ಮಾರಾಟಕ್ಕೆ ಇಟ್ಟಳು, ಬೆಲೆ ಕುಸಿಯಿತು. ಲಾರೆನ್ಸ್ ಗೆದ್ದ ಎನ್ನುವವರು ಈ ಒಂದು ಸಾಲನ್ನು ಲೆಕ್ಕದಿಂದ ಬಿಟ್ಟಿದ್ದಾರೆ.

ಹೊಸ ನೋಡುಗ

ಹಾಗಾದರೆ ಮದುವೆಯ ಪತ್ರ ಬರೀ ನಾಟಕವೆ?

ಗೋಧಿತೆನೆ

ನಾಟಕವೆನ್ನಲು ನನಗೆ ಮನಸ್ಸು ಬಾರದು. ಅಮಾಟಿಯ ಬಳಿ ನಿಂತರೆ ಅವನ ಯೋಜನೆ ತಿಳಿಯುತ್ತದೆ, ಲಾರೆನ್ಸ್‌ಗೆ ಒಳಗಿನಿಂದ ನೆರವಾಗಬಹುದು ಎಂಬುದು ಒಂದು ಪದರ. ತನ್ನನ್ನು ಬಿಟ್ಟುಕೊಡದಿರಲು ಲಾರೆನ್ಸ್ ಎಷ್ಟು ದೂರ ಓಡುತ್ತಾನೆ ಎಂದು ನೋಡುವ ಆಸೆ ಇನ್ನೊಂದು ಪದರ. ಎಲ್ಲ ಮುಗಿದ ಮೇಲೆ ಅವಳು ಸಿಟ್ಟಾಗುವುದನ್ನು ಗಮನಿಸಿ. ಕೊನೆಯವರೆಗೂ ತಾನು ಅವನ ಪಕ್ಷದಲ್ಲಿಯೇ ಇದ್ದೇನೆಂದು ಅವನು ನಂಬಲಿಲ್ಲವಲ್ಲ ಎಂಬುದೇ ಅವಳ ಸಿಟ್ಟು. ಹಣದ ಮಾತು ಅಲ್ಲಿ ಬರುವುದೇ ಇಲ್ಲ.

ತಕ್ಕಡಿಮುಳ್ಳು

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಅಮಾಟಿ ಹೋಲೋಳನ್ನು ಕೇಳಲಿಲ್ಲ ಎಂದು ಗೋಧಿತೆನೆ ಅವರು ಹೇಳಿದಾಗ ನಾನು ಕರಾರಿನ ಪದಗಳ ಹಿಂದೆ ಅಡಗಿಕೊಂಡೆ, ಅದು ಸರಿಯಲ್ಲ. ಅವನನ್ನು ಪ್ರಾಮಾಣಿಕನೆಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಆ ಪ್ರಾಮಾಣಿಕತೆ ಪೇಟೆಯ ಗಂಡಸರ ನಡುವಿನದು ಎಂದು ತಿದ್ದಿಕೊಳ್ಳುತ್ತೇನೆ. ಲಾರೆನ್ಸ್‌ನ ಮೇಲಿನ ದೂರು ಹಾಗೆಯೇ ಉಳಿದಿದೆ.

ಒಂದು ಪ್ರಶ್ನೆ ಮಾತ್ರ ಬಾಕಿ ಇದೆ. ಡಯಾನಾಳ ಮನೆಯಿಂದ ಬರಿಗೈಯಲ್ಲಿ ಹಿಂದಿರುಗುವಾಗ, ಕಲ್ಲನ್ನು ಕೊಂಡವರು ಯಾರಿರಬಹುದೆಂದು ಲಾರೆನ್ಸ್‌ಗೆ ಒಂದು ಕ್ಷಣವಾದರೂ ಹೊಳೆಯಿತೆ? 2009ರ ರೂಪದಲ್ಲಿ ಹೊಳೆಯಲಿಲ್ಲವೆಂದು ನನಗೆ ನೆನಪು. ಹೊಸದರಲ್ಲಿ ಆ ದೃಶ್ಯವನ್ನು ಇಂದು ರಾತ್ರಿ ಮತ್ತೊಮ್ಮೆ ನೋಡುತ್ತೇನೆ.

ಮಂಡಿಯ ಮಗ

ನೋಡಿ ಬಂದು ಬರೆಯಿರಿ. ಆ ದೃಶ್ಯದಲ್ಲಿ ಅವನ ಮಾತಿಗಿಂತ ನಡಿಗೆಯನ್ನು ಗಮನಿಸಿ. ಸರಕು ಸಿಗದೆ ಹಿಂದಿರುಗುವ ವ್ಯಾಪಾರಿಯ ನಡಿಗೆ ನನಗೆ ಚೆನ್ನಾಗಿ ಗೊತ್ತು, ಚಿತ್ರ ಬಿಡಿಸಿದವರು ಅದನ್ನು ಸರಿಯಾಗಿ ಮೂಡಿಸಿದ್ದಾರೆಯೇ ಎಂದು ನನಗೂ ತಿಳಿಯಬೇಕಾಗಿದೆ.